ಚಿತ್ರ ಅಂಟಿಸುವ ಮೊದಲು

ಅಂಗಡಿಯಲ್ಲಿ ಪ್ಲೈವುಡ್ ಕೊಳ್ಳುವಾಗ ಅವರು ಹಾಳೆಯನ್ನು ನೆಟ್ಟಗೆ ನಿಲ್ಲಿಸಿ, ಅದಕ್ಕೆ ಕಿವಿ ಹಚ್ಚಿ, ಬೆರಳಿನ ಗೆಣ್ಣಿನಿಂದ ಬಡಿಯುತ್ತ ಮೇಲಿನಿಂದ ಕೆಳಗೆ ಬರುತ್ತಿದ್ದರು. ಪದರಗಳ ನಡುವೆ ಪೊಳ್ಳಿದ್ದರೆ ಅಲ್ಲಿ ಸದ್ದು ಬೇರೆ. ಅಂಥ ಜಾಗದ ಮೇಲೆ ಪೆನ್ಸಿಲಿನಿಂದ ಒಂದು ಸೊನ್ನೆ ಸುತ್ತುತ್ತಿದ್ದರು. ಸೊನ್ನೆ ಹೆಚ್ಚಾದರೆ ಹಾಳೆ ವಾಪಸ್. ಶಹಾಬಾದಿನ ಆ ಅಂಗಡಿಯವನಿಗೆ ಇದೆಲ್ಲ ರೂಢಿಯಾಗಿತ್ತು.

"ಏನ್ರಿ ಶರಣರ, ನಮ್ಮ ಮಾಲಿಗೆ ಜ್ವರ ಬಂದದೇನ್ರಿ?"

"ಜ್ವರ ಬಂದಿದ್ರ ಗುಳಿಗಿ ಕೊಡಬೌದಿತ್ತು. ಇದು ಸತ್ತು ಭಾಳ ದಿನ ಆಗ್ಯಾದ. ನೀ ಮಣ್ಣು ಮಾಡಲಾರ್ದ ಇಟಗೊಂಡು ಕುಂತೀದಿ."

ಅಂಗಡಿಯಲ್ಲಿದ್ದವರೆಲ್ಲ ನಗುತ್ತಿದ್ದರು. ಅವರು ಮಾತ್ರ ನಗದೆ ಮುಂದಿನ ಹಾಳೆಗೆ ಕಿವಿ ಹಚ್ಚುತ್ತಿದ್ದರು.

ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಮುಚ್ಚಿಹೋದ ಒಂದು ಕಲ್ಲು ಪಾಲಿಶ್ ಕಾರ್ಖಾನೆಯ ಹಿಂದೆ ಅವರ ಮನೆ, ಮನೆಗೆ ಅಂಟಿದಂತೆ ತಗಡಿನ ಶೆಡ್ಡು. ಅಲ್ಲಿ ತೆಳು ಪ್ಲೈವುಡ್ಡಿನಲ್ಲಿ ದೇವರ ಚಿತ್ರ, ಶರಣರ ಚಿತ್ರ ಕೊರೆದು, ಚೌಕಟ್ಟು ಹಾಕಿ ಮಾರುತ್ತಿದ್ದರು. ಹೆಚ್ಚಿನವು ಬಸವಣ್ಣನವು. ಸೇಡಂ, ಚಿತ್ತಾಪುರ, ಚಿಂಚೋಳಿಯ ಎಷ್ಟೋ ಮನೆಗಳ ಪಡಸಾಲೆಯಲ್ಲಿ ಅವರು ಕೊರೆದ ಬಸವಣ್ಣ ಕುಂತಿದ್ದಾನೆ. ಕೊರೆಯುವುದು ಸ್ಕ್ರೋಲ್ ಸಾ ಎಂಬ ಮಿಷನ್ನಿನಲ್ಲಿ. ದಾರದಷ್ಟು ತೆಳುವಾದ ಬ್ಲೇಡು ಒಂದೇ ಜಾಗದಲ್ಲಿ ಮೇಲೆ ಕೆಳಗೆ ಕುಣಿಯುತ್ತಿರುತ್ತದೆ. ಅದರ ಮುಂದೆ ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದು ಗೆರೆಯ ಗುಂಟ ತಿರುಗಿಸುತ್ತ ಹೋಗಬೇಕು. ಕೈ ಪಳಗಿದರೆ ಕಣ್ಣರೆಪ್ಪೆಯನ್ನೂ ಕೊರೆಯಬಹುದು.

ಡಿಪ್ಲೊಮಾ ಮುಗಿಸಿ ಮನೆಯಲ್ಲಿ ಕುಂತಿದ್ದ ನಾನು ರಾವೂರದಿಂದ ದಿನಾ ಬಂದು ಮೂರು ವರ್ಷ ಅವರ ಕೈಕೆಳಗೆ ಕೆಲಸ ಮಾಡಿದೆ. ಆ ಮಿಷನ್ನಿನ ಮುಂದೆ ಕೂರಬೇಕು ಎಂಬುದೊಂದೇ ನನಗಿದ್ದ ಆಸೆ. ಮೊದಲ ದಿನವೇ ಹೇಳಿದ್ದೆ. "ಕುಂದ್ರುವಂತಿ. ಮೊದಲ ಹಲಗಿ ಹದ ಮಾಡೋದು ಕಲಿ" ಅಂದಿದ್ದರು. ಯಾವ ದಿನ ಎಷ್ಟು ಹಲಗೆ ಮಾಡಿದೆ, ಯಾವ ಊರಿನ ಆರ್ಡರು ಎಂದು ರಾತ್ರಿ ಬರೆದಿಡುವುದು ನನ್ನ ರೂಢಿ. ಆ ಲೆಕ್ಕದಂತೆ ನಾನು ಹದ ಮಾಡಿದ ಹಲಗೆಗಳು ನಾಲ್ಕುನೂರು ದಾಟುತ್ತವೆ. ಕೊರೆದದ್ದು ಒಂದು.

ಹದ ಮಾಡುವುದನ್ನು ಅವರು ಕಲಿಸಿದ ರೀತಿಯಲ್ಲಿ ಏನೂ ಕೊರತೆಯಿರಲಿಲ್ಲ. ಅದನ್ನು ಒಪ್ಪಬೇಕು. ಪ್ಲೈವುಡ್ ಗೋಡೆಗೆ ಆನಿಸಿಟ್ಟಷ್ಟೂ ದಿನ ಬಾಗುತ್ತ ಹೋಗುತ್ತದೆ. ಬಾಗಿದ ಹಲಗೆ ಮಿಷನ್ನಿನ ಮೇಜಿನ ಮೇಲೆ ಕೂರದೆ ಬ್ಲೇಡಿನ ಜೊತೆ ತಾನೂ ಕುಣಿಯುತ್ತದೆ, ಸಣ್ಣ ಎಳೆಗಳು ಪಟ್ಟನೆ ಮುರಿಯುತ್ತವೆ. ಅದಕ್ಕೆ ಕಾಕಾ ಕಂಡುಕೊಂಡಿದ್ದ ಉಪಾಯ ಶಹಾಬಾದಿನದೇ. ಹಾಳೆಯನ್ನು ಬೇಕಾದ ಅಳತೆಗಿಂತ ಎರಡು ಬೆರಳು ಹೆಚ್ಚಿಗೆ ಕತ್ತರಿಸಿ, ಮೇಲೊಂದು ಕೆಳಗೊಂದು ಹಳೆಯ ಪೇಪರ್ ಹಾಸಿ, ಎರಡು ಫರಸಿ ಕಲ್ಲುಗಳ ನಡುವೆ ವಾರಗಟ್ಟಲೆ ಮಲಗಿಸುವುದು. ನಮ್ಮ ಭಾಗದ ಮನೆಗಳಿಗೆ ನೆಲ ಹಾಸುವ ಅದೇ ಕಲ್ಲು. ಅದರ ಭಾರಕ್ಕೆ ಎಂಥ ಹಲಗೆಯೂ ನೆಟ್ಟಗಾಗುತ್ತಿತ್ತು. ಶೆಡ್ಡಿನ ಮೂಲೆಯಲ್ಲಿದ್ದ ಆ ಕಲ್ಲುಗಳಿಗೆ ಅವರ ಕಸುಬಿನಷ್ಟೇ ವಯಸ್ಸು. ಹೊಸ ಕಲ್ಲನ್ನು ಹತ್ತಿರ ಬಿಡುತ್ತಿರಲಿಲ್ಲ. "ಹೊಸಾ ಕಲ್ಲು ಪಾಲಿಶಿನಾಗ ನೀರು ಕುಡದಿರ್ತದ. ಮ್ಯಾಲ ಒಣಗ್ಯಾದ ಅಂತ ಕಾಣ್ತದ, ಹೊಟ್ಟ್ಯಾಗ ಹಸಿ ಇರ್ತದ" ಎನ್ನುತ್ತಿದ್ದರು.

ಕಲ್ಲಿನ ಕೆಳಗಿಂದ ತೆಗೆದ ಮೇಲೆ ಪಾಲಿಶ್ ಪೇಪರ್. ಮೊದಲು ಒರಟು, ಆಮೇಲೆ ನುಣುಪು, ಕೊನೆಗೆ ಇನ್ನೂ ನುಣುಪು, ಮೂರೂ ಸಲ ನಾರಿನ ಗುಂಟವೇ. ಕೊರೆದ ಮೇಲೆ ತಿಕ್ಕಿದರೆ ಆಯಿತಲ್ಲ ಎಂದು ಒಮ್ಮೆ ಕೇಳಿದ್ದೆ.

"ಕೊರದ ಮ್ಯಾಲ ಬಸವಣ್ಣನ ಮೀಸಿ ತಿಕ್ಕತೀಯೇನು? ಮುರದು ಕೈಗಿ ಬರ್ತದ. ಏನು ತಿಕ್ಕತೀದಿ ಈಗ್ಲೇ ತಿಕ್ಕು."

ತಿಕ್ಕಿದ ಮೇಲೆ ಧೂಳು ಒರೆಸಬೇಕು. ಇದು ಬೇರೆ ಊರಲ್ಲಿ ಸಣ್ಣ ಕೆಲಸವಿರಬಹುದು. ನಮ್ಮಲ್ಲಿ ಗಾಳಿ ತಿರುಗಿದರೆ ಕಾರ್ಖಾನೆಯ ಸಿಮೆಂಟಿನ ಪುಡಿ ಕಿಟಕಿ ಮುಚ್ಚಿದರೂ ಒಳಗೆ ಬರುತ್ತದೆ. ಅದು ಕುಂತ ಹಲಗೆಗೆ ಟೇಪು ಹಿಡಿಯುವುದಿಲ್ಲ, ಬ್ಲೇಡೂ ಮೊಂಡಾಗುತ್ತದೆ. ಹಾಗಾಗಿ ಒದ್ದೆ ಬಟ್ಟೆಯಿಂದ ಒಮ್ಮೆ, ಕೂಡಲೇ ಒಣ ಬಟ್ಟೆಯಿಂದ ಒಮ್ಮೆ. ಆಮೇಲೆ ಇಡೀ ಹಲಗೆಗೆ ಕಾಗದದ ಟೇಪು ಹಚ್ಚುವುದು. ಚಿತ್ರವನ್ನು ನೇರ ಮರದ ಮೇಲೆ ಅಂಟಿಸದೆ ಆ ಟೇಪಿನ ಮೇಲೆ ಅಂಟಿಸಿದರೆ, ಕೊರೆದಾದ ಮೇಲೆ ಎರಡೂ ಒಟ್ಟಿಗೆ ಸುಲಿದು ಬರುತ್ತವೆ, ಮರಕ್ಕೆ ಅಂಟಿನ ಕಲೆ ಉಳಿಯುವುದಿಲ್ಲ.

ಅಲ್ಲಿಗೆ ನನ್ನ ಕೆಲಸ ಮುಗಿಯುತ್ತಿತ್ತು.

ಚಿತ್ರ ಅಂಟಿಸುವ ಹೊತ್ತಿಗೆ ಕಾಕಾ ಎದ್ದು ಹೊರಗೆ ನಳದ ಹತ್ತಿರ ಹೋಗಿ ಕೈಕಾಲು ಮುಖ ತೊಳೆದು, ಹಣೆಗೆ ವಿಭೂತಿ ಹಚ್ಚಿಕೊಂಡು ಬರುತ್ತಿದ್ದರು. ಚಿತ್ರದ ಹಾಳೆಗೆ ಅಂಟು ಹಚ್ಚಿ ಎರಡೂ ತುದಿ ಹಿಡಿದು ಹಲಗೆಯ ಮೇಲೆ ಇಳಿಸಿ, ಅಂಗೈಯಿಂದ ನಡುವಿನಿಂದ ಹೊರಗೆ ಸವರಿ, ಹಣೆ ಮುಟ್ಟಿಸುತ್ತಿದ್ದರು. "ಇಲ್ಲೀತನಕ ಕಟಗಿ. ಇನ್ನ ಮ್ಯಾಲ ದೇವ್ರು" ಎನ್ನುತ್ತಿದ್ದರು. ಆಮೇಲೆ ಅದನ್ನು ಅವರೊಬ್ಬರೇ ಮುಟ್ಟುವುದು. ತೂತು ಹೊಡೆಯುವುದು, ಕೊರೆಯುವುದು, ಪಾಲಿಶ್ ಕೊಡುವುದು, ಗಿರಾಕಿಗೆ ಕಟ್ಟಿಕೊಡುವುದು, ಎಲ್ಲ ಅವರೇ.

"ನಿನಗಷ್ಟೇ ಅಲ್ಲವ್ವ, ಯಾರೂ ಮುಟ್ಟಂಗಿಲ್ಲ ಅಂತ ಇಟ್ಟೀನಿ. ನಿನ್ನ ಕಾಕಿನೂ ಮುಟ್ಟಂಗಿಲ್ಲ" ಎಂದು ಒಮ್ಮೆ ಅವರಾಗಿಯೇ ಹೇಳಿದರು. ಚಹಾ ತಂದಿದ್ದ ಕಾಕಿ ಬಾಗಿಲಲ್ಲೇ ನಿಂತು, "ನಾ ಯಾಕ ಮುಟ್ಟಲಿ, ನನಗ ನೀವೊಬ್ರೇ ದೇವ್ರು ಸಾಕಾಗ್ಯಾರ" ಅಂದರು. ಮೂವರೂ ನಕ್ಕೆವು.

ನನಗೆ ಆ ಪದ್ಧತಿ ಮೆಚ್ಚುಗೆಯೇ ಆಗಿತ್ತು. ಕೆಲಸದ ಮೇಲೆ ಅಷ್ಟು ಭಕ್ತಿ ಇಟ್ಟವರನ್ನು ನಾನು ಬೇರೆ ಕಂಡಿರಲಿಲ್ಲ. ಅವರು ಒಮ್ಮೆ ವಾರ ಪೂರ್ತಿ ಜ್ವರದಿಂದ ಮಲಗಿದ್ದಾಗ, ಚಿತ್ರ ಅಂಟಿಸಿಟ್ಟಿದ್ದ ಹಲಗೆಯ ಮೇಲೆ ಸಿಮೆಂಟಿನ ಪುಡಿ ದಿನಾ ಒಂದು ಪದರ ಕೂರುತ್ತಿತ್ತು. ಒರೆಸುವ ಬಟ್ಟೆ ನನ್ನ ಕೈಯಲ್ಲೇ ಇತ್ತು. ನಾನು ಒರೆಸಲಿಲ್ಲ. ಎದ್ದು ಬಂದ ದಿನ ಅವರು ಅದನ್ನು ನೋಡಿ, "ಶಾಣ್ಯಾಕಿ" ಅಂದರು. ಆ ರಾತ್ರಿ ಅದನ್ನು ಖುಷಿಯಿಂದ ಬರೆದುಕೊಂಡೆ.

ನಮ್ಮದು ಬೌದ್ಧರ ಮನೆ. ಅಪ್ಪ ರಾವೂರದ ಕಲ್ಲಿನ ಖಣಿಯಲ್ಲಿ ಕೆಲಸ ಮಾಡಿದವನು. ಕಾಕಾನಿಗೆ ಇದು ಮೊದಲ ದಿನದಿಂದ ಗೊತ್ತು. ಅವರು ನನ್ನ ಡಬ್ಬಿಯ ರೊಟ್ಟಿ, ಪುಂಡಿಪಲ್ಯ ತಿನ್ನುತ್ತಿದ್ದರು, ನನ್ನ ಬಾಟಲಿಯ ನೀರು ಕುಡಿಯುತ್ತಿದ್ದರು. ಯಾರಾದರೂ ಗಿರಾಕಿ ನನ್ನ ಕುಲ ವಿಚಾರಿಸಿದರೆ, "ಬಸವಣ್ಣನ ಚಿತ್ರ ಒಯ್ಲಿಕ್ಕಿ ಬಂದು ಇದೇನು ಕೇಳಾಕತ್ತೀರಿ, ನಾಚಿಕಿ ಬರಂಗಿಲ್ಲೇನು" ಎಂದು ಮುಖದ ಮೇಲೆ ಹೇಳುತ್ತಿದ್ದರು. ಇದನ್ನೂ ಒಪ್ಪಬೇಕು. ಇದೆಲ್ಲ ಇಲ್ಲದಿದ್ದರೆ ಮುಂದಿನದನ್ನು ಬರೆಯುವುದು ಸುಲಭವಿತ್ತು.

ಎರಡನೆಯ ವರ್ಷದ ಬೇಸಿಗೆಯಲ್ಲಿ ವಾಡಿಯ ಕೆಲವು ಹುಡುಗರು ವಿಹಾರಕ್ಕೆಂದು ಬುದ್ಧನ ಚಿತ್ರ ಬೇಕೆಂದು ಬಂದರು. ನಾನು ಹಲಗೆ ಹದ ಮಾಡಿ ಟೇಪು ಹಚ್ಚಿ ಪಕ್ಕಕ್ಕೆ ಸರಿದೆ. ಕಾಕಾ ಎದ್ದು ನಳದ ಕಡೆ ಹೋಗಲಿಲ್ಲ.

"ಇದು ನೀನೇ ಅಂಟಸು ತಂಗಿ. ನೀನೇ ಕೊರಿ."

ನನ್ನ ಕಿವಿಯನ್ನೇ ನಂಬಲಿಲ್ಲ. "ನಾನ್ರಿ? ಮಿಷನ್ನಿನಾಗ?"

"ಮತ್ತ ಕುಡಗೋಲಿನಾಗೇನು? ಕುಂದ್ರು."

ಇಡೀ ದಿನ ಪಕ್ಕದಲ್ಲಿ ನಿಂತು ಹೇಳಿಕೊಟ್ಟರು. ಬ್ಲೇಡನ್ನು ದೂಡಬೇಡ, ಹಲಗೆಯನ್ನು ಅದಕ್ಕೆ ಉಣಿಸು. ತಿರುವಿನಲ್ಲಿ ಉಸಿರು ಹಿಡಿಯಬೇಡ. ಮುಚ್ಚಿದ ಕಣ್ಣಿನ ಆ ಒಂದು ಗೆರೆ ಬಂದಾಗ ಮಿಷನ್ ನಿಲ್ಲಿಸಿ, ಅಂಗೈ ಒರೆಸಿಕೊಂಡು ಮತ್ತೆ ಹಲಗೆ ಹಿಡಿದೆ. ಟೇಪು ಸುಲಿದು ನೋಡಿದರೆ ಎಲ್ಲೂ ಒಂದು ಸಿಬಿರೂ ಎದ್ದಿರಲಿಲ್ಲ. ಕಾಕಾ ಹಲಗೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ನನ್ನ ಕೈಗಿಂತ ಹಗುರ ಅದ ನಿನ್ನ ಕೈ" ಅಂದರು.

ಅದೇ ಸಂತೋಷದಲ್ಲಿ ಕೇಳಿಬಿಟ್ಟೆ. "ಹಂಗಾರ ಬರೋ ವಾರ ಸೇಡಂದ ಬಸವಣ್ಣನ್ನ ನಾನೇ ಕೊರೀಲೇನ್ರಿ ಕಾಕಾ?"

ಅವರು ಹಲಗೆ ಕೆಳಗಿಟ್ಟರು. "ಅದು ಬ್ಯಾರೆ ತಂಗಿ" ಅಂದರು. ಸಿಟ್ಟಿರಲಿಲ್ಲ. ಮಕ್ಕಳಿಗೆ ಒಲೆ ಮುಟ್ಟಬೇಡ ಎಂದು ಹೇಳುವಂತೆ, ಇದರಲ್ಲಿ ವಿಚಾರ ಮಾಡುವುದೇನಿದೆ ಎಂಬಂತೆ ಹೇಳಿದರು.

ಆವತ್ತು ಮನೆಗೆ ಹೋಗುವಾಗ ರೈಲಿನಲ್ಲಿ ನೆನಪಾಯಿತು. ಬುದ್ಧನಿಗೆ ಅವರು ಕೈ ತೊಳೆದಿರಲಿಲ್ಲ. ವಿಭೂತಿ ಹಚ್ಚಿರಲಿಲ್ಲ. ಹಣೆ ಮುಟ್ಟಿಸಿರಲಿಲ್ಲ. ಆದರೂ ನಾನು ಅವರ ಮಾತನ್ನೇ ಹಿಡಿದುಕೊಂಡಿದ್ದೆ. ಯಾರೂ ಮುಟ್ಟುವಂತಿಲ್ಲ ಅಂದಿದ್ದಾರೆ, ನಾನೂ ಆ ಯಾರೂ ಎಂಬುದರಲ್ಲಿ ಒಬ್ಬಳು, ಅಷ್ಟೇ. ಅಥವಾ ಹೆಂಗಸೆಂದು ಇರಬಹುದು, ಕಾಕಿಯೂ ಮುಟ್ಟುವುದಿಲ್ಲವಲ್ಲ. ಹೀಗೆ ಒಂದು ವರ್ಷ ಹೋಯಿತು.

ಮುಂದಿನ ಬೇಸಿಗೆಗೆ ಸೇಡಂನಿಂದ ಅವರ ತಮ್ಮನ ಮಗಳು ಬಂದಳು. ಕಾಲೇಜು ರಜೆ. ಚುರುಕು ಹುಡುಗಿ, ನನ್ನನ್ನು ಅಕ್ಕಾ ಅಕ್ಕಾ ಎಂದು ಬಿಡುತ್ತಲೇ ಇರಲಿಲ್ಲ. ಒಂದು ಮಧ್ಯಾಹ್ನ ನಾನು ಟೇಪು ಹಚ್ಚಿ ಸರಿದು ನಿಂತಿದ್ದೆ. ಅವಳು ಕೈಯಲ್ಲಿದ್ದ ಚುರುಮುರಿಯ ಪೊಟ್ಟಣವನ್ನು ಮೇಜಿನ ಮೇಲಿಟ್ಟು, ಎಣ್ಣೆಗೈಯನ್ನು ಚೂಡಿದಾರಕ್ಕೆ ಒರೆಸಿಕೊಂಡು, "ದೊಡ್ಡಪ್ಪಾ, ನಾ ಅಂಟಸ್ಲಿ?" ಅಂದಳು.

"ಅಂಟಸವ್ವ. ಸುಕ್ಕು ಬೀಳಬಾರ್ದು ನೋಡು" ಅಂದರು ಕಾಕಾ.

ಅವಳು ಬಸವಣ್ಣನನ್ನು ಅಂಟಿಸಿದಳು. ಸುಕ್ಕು ಬಿತ್ತು. ಕಾಕಾ ನಕ್ಕು ಅದನ್ನು ಉಗುರಿನಿಂದ ಸರಿಮಾಡಿದರು. ನಾನು ಅಲ್ಲೇ ನಿಂತಿದ್ದೆ. ಅವರು ನನ್ನ ಕಡೆ ನೋಡಿದ್ದರೆ, ಒಂದು ಕ್ಷಣ ಮುಜುಗರಪಟ್ಟಿದ್ದರೆ, ನಾನು ಕ್ಷಮಿಸುತ್ತಿದ್ದೆನೇನೋ. ಅವರಿಗೆ ಅದು ಹೊಳೆಯಲೇ ಇಲ್ಲ. ಮರುದಿನದಿಂದ ಹುಡುಗಿ ಮಿಷನ್ನಿಗೆ ಕೂತಳು.

ಆಮೇಲೆ ಚಿಂಚೋಳಿಯ ಆರ್ಡರು ಬಂತು. ಹೊಸ ಸಭಾಭವನಕ್ಕೆ ಆಳೆತ್ತರದ ಬಸವಣ್ಣ, ಕುದುರೆಯ ಸಮೇತ. ಅಷ್ಟು ದೊಡ್ಡ ಹಲಗೆಗೆ ನಮ್ಮ ಹಳೆಯ ಕಲ್ಲುಗಳು ಸಾಲುತ್ತಿರಲಿಲ್ಲ. ಗಿರಾಕಿಗಳು ಅವಸರ ಮಾಡುತ್ತಿದ್ದರು. ಕಾಕಾ ಊರಾಚೆ ಇನ್ನೂ ನಡೆಯುತ್ತಿದ್ದ ಬೇರೊಂದು ಪಾಲಿಶ್ ಕಾರ್ಖಾನೆಯಿಂದ ಎರಡು ದೊಡ್ಡ ಫರಸಿಗಳನ್ನು ಟಂಟಂ ಗಾಡಿಯಲ್ಲಿ ಹಾಕಿಸಿಕೊಂಡು ಬಂದರು. ಅಂಚು ಮುಟ್ಟಿದರೆ ಥಣ್ಣಗಿತ್ತು.

"ಇವು ಹೊಸಾವು ಅವ್ರಿ ಕಾಕಾ. ಹಸಿ ಅವ."

"ಬಿಸಲಾಗ ಇಟ್ಟಿದ್ರವ್ವ ಅವ್ರು. ಒಣಗ್ಯಾವ."

"ಮ್ಯಾಲ ಒಣಗ್ಯಾವ್ರಿ. ಹೊಟ್ಟ್ಯಾಗ ಹಸಿ ಇರ್ತದ ಅಂತ ನೀವೇ ಹೇಳೀರಿ."

"ನಾ ಹೇಳಿದ್ದು ನನಗೇ ಕಲಸಬ್ಯಾಡ. ಹಿಡಿ ಆ ಕಡಿ."

ಹಿಡಿದೆ. ವಾರದ ಮೇಲೆ ತೆಗೆದಾಗ ಹಲಗೆ ನೆಟ್ಟಗಿತ್ತು, ಆದರೆ ಕೈಗೆ ಭಾರವೆನಿಸಿತು, ಹಾಸಿದ ಪೇಪರ್ ಅಂಚಿನಲ್ಲಿ ಮೆತ್ತಗಾಗಿತ್ತು. ಇನ್ನೊಂದು ವಾರ ಗಾಳಿಗೆ ಇಡೋಣ ಅಂದೆ. ವೇಳೆ ಇಲ್ಲ ಅಂದರು. ತಿಕ್ಕಿ, ಒರೆಸಿ, ಟೇಪು ಹಚ್ಚಿ ಸರಿದೆ. ಆ ಹೊತ್ತಿಗೆ ಕಾಕಾನ ಕೈ ನಡುಗಲು ಶುರುವಾಗಿತ್ತು. ಕೊರೆಯಲು ಹುಡುಗಿಯೇ ಕೂತಳು. ಚಿಂಚೋಳಿಯ ಹಿರಿಯರು ಇಬ್ಬರು ನೋಡಲು ಬಂದಿದ್ದ ದಿನವೇ, ಕುದುರೆಯ ಲಗಾಮಿನ ಹತ್ತಿರ, ಹಸಿ ಮರ ಬ್ಲೇಡನ್ನು ಕಚ್ಚಿ ಹಿಡಿಯಿತು. ಹಲಗೆ ಎದ್ದು ಬಡಿಯಿತು. ಲಗಾಮು, ಅದರ ಹಿಂದೆ ಬಸವಣ್ಣನ ಬಲಗೈ, ಎರಡೂ ಮುರಿದು ಕೆಳಗೆ ಬಿದ್ದವು. ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ಅಳತೊಡಗಿದಳು.

ಹಿರಿಯರಲ್ಲಿ ಒಬ್ಬರು, "ಇದೇನ್ರಿ ಶರಣರ, ಹಿಂಗಾಯ್ತು?" ಅಂದರು.

ಕಾಕಾ ಮುರಿದ ತುಂಡನ್ನು ಎತ್ತಿ ಮುಟ್ಟಿ ನೋಡಿದರು. ಅವರಿಗೆ ತಿಳಿಯಿತು. ತಿಳಿದದ್ದನ್ನು ನಾನು ಅವರ ಮುಖದಲ್ಲಿ ಕಂಡೆ. ಆಮೇಲೆ ನನ್ನ ಕಡೆ ಕೈ ಮಾಡಿದರು.

"ಹಲಗಿ ಹದ ಮಾಡೋದು ಇಕಿ ಕೆಲಸ್ರಿ. ಹಸಿ ಇಟ್ಟಾಳ. ಹುಡಿಗಿದೇನು ತಪ್ಪಿಲ್ಲ."

ಕಾಕಿ ಚಹಾದ ತಟ್ಟೆ ಹಿಡಿದು ಬಾಗಿಲಲ್ಲೇ ಇದ್ದರು. ಹೊಸ ಕಲ್ಲು ಬಂದ ದಿನವೂ ಅವರು ಅಲ್ಲೇ ಇದ್ದರು, ನನ್ನ ಮಾತು ಕೇಳಿದ್ದರು. ನಾನು ಅವರನ್ನು ನೋಡಿದೆ. ಅವರು ತಟ್ಟೆ ನೋಡಿದರು. ಹಿರಿಯರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಯಾರ್ ಪೈಕಿರಿ ಈ ಹುಡಿಗಿ?" ಅಂದರು. ಎಷ್ಟೋ ಸಲ ಆ ಪ್ರಶ್ನೆಗೆ ಗದರಿಸಿ ಉತ್ತರ ಕೊಟ್ಟಿದ್ದ ಕಾಕಾ ಅವತ್ತು ಸುಮ್ಮನಿದ್ದರು.

ಡಬ್ಬಿ ಚೀಲಕ್ಕೆ ಹಾಕಿಕೊಂಡು ಹೊರಟೆ. ಮತ್ತೆ ಹೋಗಲಿಲ್ಲ. ಅವರೂ ಕರೆಯಲಿಲ್ಲ. ವಾಡಿಯಲ್ಲಿ ನಾಮಫಲಕ ಮಾಡುವ ಅಂಗಡಿಯೊಂದರಲ್ಲಿ ಕಂಪ್ಯೂಟರಿನ ಮುಂದೆ ಕೆಲಸ ಸಿಕ್ಕಿತು. ಅಲ್ಲಿ ಅಕ್ಷರಗಳನ್ನು ಲೇಸರು ಕೊರೆಯುತ್ತದೆ, ಅಂಚು ಕಪ್ಪಗೆ ಸುಟ್ಟಿರುತ್ತದೆ. "ಲೇಸರದವ್ರು ಕೊರಿಯಂಗಿಲ್ಲ, ಸುಡತಾರ" ಎಂದು ಕಾಕಾ ಅನ್ನುತ್ತಿದ್ದದ್ದು ದಿನಾ ನೆನಪಾಗುತ್ತಿತ್ತು. ಅವರ ಮೇಲೆ ಎಷ್ಟು ಸಿಟ್ಟಿದ್ದರೂ ಆ ಮಾತು ನಿಜವೇ.

ಕಳೆದ ಚಳಿಗಾಲದ ಒಂದು ಗುರುವಾರ ಅವರು ತೀರಿಕೊಂಡರು. ಮೂರನೆಯ ದಿನ ಅವರ ತಮ್ಮ, ಹುಡುಗಿಯ ತಂದೆ, ವಾಡಿಯ ಅಂಗಡಿಗೆ ಬಂದರು. ಹನ್ನೊಂದನೆಯ ದಿನ ಶಿವಗಣಾರಾಧನೆ ಇತ್ತು.

"ಅಣ್ಣಂದು ಚಿತ್ರ ಕಟಗ್ಯಾಗ ಕೊರಸಬೇಕಂತ ಅತ್ತಿಗೀದು ಆಸೆ. ಹಲಗಿ ನೀನೇ ಹದ ಮಾಡಿ ಕೊಡವ್ವ. ಕೊರಿಯೋದು ನನ್ನ ಮಗಳು ಕೊರೀತಾಳ."

ಆಗಲಿ ಅಂದೆ. ಯಾಕೆ ಅಂದೆನೋ ಬರೆದಿಟ್ಟುಕೊಂಡಿಲ್ಲ. ಅವತ್ತೇ ಸಂಜೆ ಶೆಡ್ಡಿಗೆ ಹೋದೆ. ಹೊಸ ಕಲ್ಲುಗಳು ಹೊರಗೆ ಬಿದ್ದಿದ್ದವು, ಅವುಗಳ ಮೇಲೆ ಯಾರೋ ಬಟ್ಟೆ ಒಗೆಯುತ್ತಿದ್ದರು. ಹಳೆಯ ಫರಸಿಗಳ ನಡುವೆ ಹಲಗೆ ಮಲಗಿಸಿದೆ. ದಿನಾ ಕೆಲಸ ಮುಗಿಸಿ ಬಂದು ಪೇಪರ್ ಬದಲಿಸಿದೆ. ಮೂರೂ ಸಲ ನಾರಿನ ಗುಂಟ ತಿಕ್ಕಿದೆ. ಅಷ್ಟು ಚೆನ್ನಾಗಿ ನಾನು ಯಾವ ಬಸವಣ್ಣನಿಗೂ ಮಾಡಿರಲಿಲ್ಲ.

ಹತ್ತನೆಯ ದಿನ ಟೇಪು ಹಚ್ಚಿದ ಹಲಗೆಯನ್ನು ಮಿಷನ್ನಿನ ಮೇಜಿನ ಮೇಲಿಟ್ಟು ಸರಿದು ನಿಂತೆ. ಹುಡುಗಿ ದೊಡ್ಡಪ್ಪನ ಚಿತ್ರ ಕೈಗೆ ತೆಗೆದುಕೊಂಡಳು, ಮತ್ತೆ ಕೆಳಗಿಟ್ಟಳು.

"ನನ್ನ ಕೈಲಿ ಆಗಂಗಿಲ್ಲಪ್ಪ. ದೊಡ್ಡಪ್ಪನ ಮಾರಿ ಮುರದು ಹೋದ್ರ? ಅಕ್ಕ ಕೊರೀಲಿ. ಅಕ್ಕನ ಕೈ ಹಗುರ ಅದ ಅಂತ ದೊಡ್ಡಪ್ಪನೇ ಹೇಳತಿದ್ರು."

ಅವಳ ತಂದೆ ನನ್ನ ಕಡೆ ತಿರುಗಿದರು. "ಹೌದವ್ವ, ನೀನೇ ಕುಂದ್ರು. ಆಮ್ಯಾಲ ಈ ಮಿಷನ್ನೂ ನೀನೇ ಒಯ್ಯಿ. ನಮ್ಮಲ್ಲಿ ಯಾರು ನಡಸೋರದಾರ?"

ಮಿಷನ್ನಿನ ಮುಂದಿನ ಸ್ಟೂಲು ಖಾಲಿ ಇತ್ತು. ಮೂರು ವರ್ಷ ನಾನು ಕಾದದ್ದು ಆ ಸ್ಟೂಲಿಗೆ. ಬೆರಳುಗಳು ತಾವಾಗಿಯೇ ಮಡಚಿಕೊಂಡವು.

"ನಂದು ಟೇಪು ಹಚ್ಚೋತನಕ ಕೆಲಸ್ರಿ. ಚಿತ್ರ ಅಂಟಿಸಿದ ಮ್ಯಾಲ ನಾ ಮುಟ್ಟಂಗಿಲ್ಲ. ಕಾಕಾ ಹಾಕಿಕೊಟ್ಟ ಪದ್ಧತಿ" ಅಂದೆ.

ತಮ್ಮ ಅರ್ಥವಾಗದೆ ನಿಂತರು. ಬಾಗಿಲಲ್ಲಿದ್ದ ಕಾಕಿಗೆ ಅರ್ಥವಾಯಿತು. "ಅವ್ರು ಇಲ್ಲ ತಂಗಿ ಈಗ. ಈಗ ಯಾರು ಬ್ಯಾಡ ಅಂತಾರ?"

"ಅವ್ರು ಇದ್ದಾಗ ನೀವೂ ಇದ್ರಿ ಕಾಕಿ."

ಕಾಕಿ ಸೆರಗು ಬಾಯಿಗೆ ಹಿಡಿದುಕೊಂಡರು. ನಾನು ಕೈಗೆ ಹತ್ತಿದ ಪುಡಿ ಒರೆಸಿಕೊಂಡು ಹೊರಬಂದೆ. ರೈಲು ಬರುವವರೆಗೂ ಸ್ಟೇಷನ್ನಿನಲ್ಲಿ ಕುಂತು, ತಿರುಗಿ ಹೋಗೋಣವೇ ಎಂದು ನೂರು ಸಲ ಅನಿಸಿತು. ಹೋಗಲಿಲ್ಲ.

ಮರುದಿನ ಆರಾಧನೆಗೆ ಹೋದೆ. ಕರೆದಿದ್ದರು. ಪಂಕ್ತಿಯಲ್ಲಿ ಎಲ್ಲರ ನಡುವೆ ಕೂರಿಸಿ, ಕಾಕಿಯೇ ಬಂದು ಎರಡನೆಯ ಸಲ ಹುಗ್ಗಿ ಬಡಿಸಿದರು. ಪಡಸಾಲೆಯಲ್ಲಿ ಸ್ಟುಡಿಯೋದಿಂದ ದೊಡ್ಡದು ಮಾಡಿಸಿ ತಂದ ಕಾಕಾನ ಫೋಟೋ ಇಟ್ಟಿದ್ದರು. ಅವಸರದಲ್ಲಿ ಚೌಕಟ್ಟು ಹಾಕಿಸಿರಲಿಲ್ಲ. ಹಾರದ ಭಾರಕ್ಕೆ ಹಾಳೆ ಬಾಗದಿರಲಿ ಎಂದು ಹಿಂದಿನಿಂದ ಒಂದು ಹಲಗೆ ಕೊಟ್ಟಿದ್ದರು. ಸೇವಂತಿಗೆಯ ಸಂದಿಯಲ್ಲಿ ಅದರ ಅಂಚು ಕಂಡಿತು, ನಾನು ಹಚ್ಚಿದ ಟೇಪು ಇನ್ನೂ ಸುಲಿದಿರಲಿಲ್ಲ. ಬಂದವರು ಒಬ್ಬೊಬ್ಬರೇ ಬಗ್ಗಿ ಹಣೆ ಮುಟ್ಟಿಸಿ ಹೋಗುತ್ತಿದ್ದರು. ಫೋಟೋ ಎಲ್ಲೂ ಬಾಗಿರಲಿಲ್ಲ.